ಒಂದೇ ಡಿಸ್ಕ್, ಮೂರು ಲಿನಕ್ಸ್: ಝಡ್/ವಿಎಂನಲ್ಲಿ ಹಂಚಿಕೊಳ್ಳುವುದು ಹೇಗೆ?

ಗೇಟ್_ಪಕ್ಕದವನು (ದಾವಣಗೆರೆ)

ಮೇನ್‌ಫ್ರೇಮ್ ಮೇಲೆ ಲಿನಕ್ಸ್ ನೋಡಿಕೊಳ್ಳುವವರು ಇಲ್ಲಿ ಯಾರಾದರೂ ಇದ್ದೀರಾ? ನಾನು ವಿದ್ಯಾನಗರದ ಮನೆಯಿಂದಲೇ ಕೆಲಸ ಮಾಡುವವನು, ಮೆಷಿನ್ ಇರುವುದು ಚೆನ್ನೈನಲ್ಲಿ. ಝಡ್/ವಿಎಂ (ಒಂದೇ ಮೇನ್‌ಫ್ರೇಮ್ ಮೇಲೆ ಹಲವು ವರ್ಚುವಲ್ ಮೆಷಿನ್ ಓಡಿಸುವ ಸಾಫ್ಟ್‌ವೇರ್) ಕೆಳಗೆ ಮೂರು ಲಿನಕ್ಸ್ ಗೆಸ್ಟ್‌ಗಳು, ಅಂದರೆ ಮೂರು ವರ್ಚುವಲ್ ಮೆಷಿನ್‌ಗಳು. ಮೂರಕ್ಕೂ ಒಂದೇ ಮಿನಿಡಿಸ್ಕ್ (ಡಿಸ್ಕ್‌ನಲ್ಲಿ ಝಡ್/ವಿಎಂ ಹಂಚಿಕೊಡುವ ಪಾಲು) ಎಂಡಬ್ಲ್ಯೂ (ಮಲ್ಟಿಪಲ್ ರೈಟ್) ಮೋಡ್‌ನಲ್ಲಿ ಲಿಂಕ್ ಆಗಿದೆ, ಮೇಲೆ ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ಹಿಂದಿನ ವೆಂಡರ್ ಹಾಗೆ ಮಾಡಿಟ್ಟು ಹೋಗಿದ್ದಾರೆ. ಒಂದು ಗೆಸ್ಟ್ ಬರೆಯುತ್ತದೆ, ಉಳಿದೆರಡು ಬರೀ ಓದುತ್ತವೆ, ಮೌಂಟ್ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ರೀಡ್ ಓನ್ಲಿ ಅಂತಲೇ ಇದೆ.

ಮೊದಲನೆಯದರಲ್ಲಿ ಫೈಲ್ ಹಾಕಿದರೆ ಎರಡನೆಯದರಲ್ಲಿ ಕಾಣುವುದಿಲ್ಲ. ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದರೆ ಕಾಣುತ್ತದೆ, ಹಾಗಾಗಿ ಆಗಾಗ ತಾನೇ ಓಡುವ ಕ್ರಾನ್‌ನಲ್ಲಿ ಅದನ್ನೇ ಹಾಕಿಟ್ಟಿದ್ದಾರೆ! ಮೊನ್ನೆ ಒಂದು ಕಾನ್ಫಿಗ್ ಫೈಲ್ ತೆರೆದರೆ ಒಳಗೆ ಬೇರೆ ಯಾವುದೋ ಲಾಗ್‌ನ ಸಾಲುಗಳು. ಕರ್ನಲ್ ಲಾಗ್‌ನಲ್ಲಿ ಡೈರೆಕ್ಟರಿ ಎಂಟ್ರಿ ಕೆಟ್ಟಿದೆ ಅಂತ ಎರರ್. ಸ್ಟೋರೇಜ್ ಟೀಮ್‌ನವರನ್ನು ಕೇಳಿದರೆ ಡಿಸ್ಕ್ ಚೆನ್ನಾಗೇ ಇದೆ ಅನ್ನುತ್ತಾರೆ. ಮೋಡ್‌ಗೆ ಒಂದು ವಿ ಸೇರಿಸಿ ಎಂಡಬ್ಲ್ಯೂವಿ ಮಾಡಿದರೆ ಲಾಕಿಂಗ್ ಬರುತ್ತದೆ ಅಂತ ಒಬ್ಬರು ಹೇಳಿದರು. ನಿಜವಾ?

ಕೋಟೆ_ಕಡೆಯವಳು (ಚಿತ್ರದುರ್ಗ)

ಮೊದಲು ಆ ಕ್ರಾನ್ ನಿಲ್ಲಿಸಿ. ಉಳಿದದ್ದು ಆಮೇಲೆ ಓದಿ.

ಎಂಡಬ್ಲ್ಯೂ ಅಂದರೆ ಬೇರೆ ಯಾರು ಬರೆಯುತ್ತಿದ್ದರೂ ನನಗೂ ಬರೆಯಲು ಬಿಡು ಅಂತ. ಝಡ್/ವಿಎಂನ ತಿರುಳಾದ ಸಿಪಿ ಅದಕ್ಕೆ ಸರಿ ಅನ್ನುತ್ತದೆ, ಅಷ್ಟೇ, ಯಾರು ಯಾವ ಬ್ಲಾಕ್ ಮುಟ್ಟಿದರು ಅಂತ ಕಾಯುತ್ತಾ ಕೂರುವುದಿಲ್ಲ. ವಿ ಸೇರಿಸಿದರೆ ಗೆಸ್ಟ್‌ಗಳ ನಡುವೆ ರಿಸರ್ವ್, ರಿಲೀಸ್ (ಡಿಸ್ಕನ್ನು ಹಿಡಿದಿಡುವುದು, ಬಿಡುವುದು) ಕೆಲಸ ಮಾಡುತ್ತವೆ, ನಿಜ. ಆದರೆ ಕೇಳಿದರೆ ತಾನೇ ಕೊಡುವುದು? ಲಿನಕ್ಸ್‌ನ ಡ್ಯಾಸ್ಡ್ (ಮೇನ್‌ಫ್ರೇಮ್ ಡಿಸ್ಕ್) ಡ್ರೈವರ್ ಬರೆಯುವ ಮುಂಚೆ ತಾನಾಗಿ ರಿಸರ್ವ್ ಮಾಡುವುದಿಲ್ಲ, ನೀವು ಟ್ಯೂನ್‌ಡ್ಯಾಸ್ಡ್ ಕಮಾಂಡ್‌ನಿಂದ ಹೇಳಿದರೆ ಮಾಡುತ್ತದೆ. ಇಎಕ್ಸ್‌ಟಿ4 ಗೆ ಅದರ ಸುದ್ದಿಯೇ ಗೊತ್ತಿಲ್ಲ.

ಇನ್ನು ಓದುವ ಗೆಸ್ಟ್‌ಗಳು. ಅವು ಒಮ್ಮೆ ಓದಿದ ಡೈರೆಕ್ಟರಿ, ಐನೋಡ್ (ಫೈಲ್ ಯಾವ ಬ್ಲಾಕ್‌ಗಳಲ್ಲಿದೆ ಅನ್ನುವ ದಾಖಲೆ) ಎಲ್ಲವನ್ನೂ ತಮ್ಮ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತವೆ. ಅತ್ತ ಬರೆಯುವವನು ಫೈಲ್ ಅಳಿಸಿ ಅದೇ ಬ್ಲಾಕ್‌ಗಳನ್ನು ಲಾಗ್‌ಗೆ ಕೊಟ್ಟಿರುತ್ತಾನೆ. ಹಳೇ ಪಹಣಿಯ ಜೆರಾಕ್ಸ್ ಹಿಡಿದುಕೊಂಡು ಮಾರಿಹೋದ ಹೊಲಕ್ಕೆ ಹೋದ ಹಾಗೆ. ನಿಮ್ಮ ಕಾನ್ಫಿಗ್ ಫೈಲ್‌ನಲ್ಲಿ ಲಾಗ್ ಕಂಡಿದ್ದು ಹೀಗೇ ಇರಬೇಕು. ಒಬ್ಬ ಬರೆದು ಹತ್ತು ಜನ ಓದಿದರೆ ಏನೂ ಆಗುವುದಿಲ್ಲ ಅಂತ ಜಾಸ್ತಿ ಜನ ನಂಬಿರುವುದೇ ತೊಂದರೆ.

ಮಂಡಕ್ಕಿ_ಮಿರ್ಚಿ

ಅಕ್ಕ ಹೇಳಿದ್ದು ಸರಿ, ಆದರೆ ಇಲ್ಲಿ ಅದಕ್ಕಿಂತ ಕೆಟ್ಟದ್ದು ನಡೆಯುತ್ತಿದೆ. ಇಎಕ್ಸ್‌ಟಿ4 ನ್ನು ರೀಡ್ ಓನ್ಲಿ ಅಂತ ಮೌಂಟ್ ಮಾಡಿದರೂ ಜರ್ನಲ್‌ನಲ್ಲಿ (ಬದಲಾವಣೆಗಳನ್ನು ಮೊದಲು ಗುರುತು ಹಾಕಿಕೊಳ್ಳುವ ಜಾಗ) ಬಾಕಿ ಇದ್ದರೆ ಅದನ್ನು ಡಿಸ್ಕ್‌ಗೆ ಬರೆದು ಮುಗಿಸಿಯೇ ಮುಂದೆ ಹೋಗುತ್ತದೆ. ಬರೆಯುವ ಗೆಸ್ಟ್ ಮೌಂಟ್ ಆಗಿರುವಷ್ಟು ಹೊತ್ತೂ ಆ ಬಾಕಿ ಗುರುತು ಇದ್ದೇ ಇರುತ್ತದೆ. ಅಂದರೆ ನಿಮ್ಮ ಕ್ರಾನ್ ಓಡಿದಾಗಲೆಲ್ಲ, ಬರೀ ಓದುವ ಗೆಸ್ಟ್ ಬಂದು ಇನ್ನೊಬ್ಬನ ಜೀವಂತ ಜರ್ನಲ್ ಆಡಿಸಿ ಹೋಗುತ್ತಿದೆ. ಲಿಂಕ್ ಎಂಡಬ್ಲ್ಯೂ ಇರುವುದರಿಂದ ಯಾರೂ ತಡೆಯುವುದಿಲ್ಲ. ಲಿಂಕ್ ಆರ್‌ಆರ್ (ಬರೀ ಓದುವ ಮೋಡ್) ಇದ್ದಿದ್ದರೆ ಮೌಂಟೇ ಆಗುತ್ತಿರಲಿಲ್ಲ, ಎರರ್ ಬಂದು ನಿಂತಿರುತ್ತಿತ್ತು. ಅದಕ್ಕೇ ವೆಂಡರ್ ಎಂಡಬ್ಲ್ಯೂ ಹಾಕಿರಬಹುದು, ನನ್ನ ಅನುಮಾನ.

ನೋಲೋಡ್ ಆಪ್ಷನ್ ಹಾಕಿದರೆ ಜರ್ನಲ್ ಮುಟ್ಟುವುದಿಲ್ಲ. ಆದರೆ ಹಳೇ ಕ್ಯಾಶ್ ತೊಂದರೆ ಹಾಗೇ ಉಳಿಯುತ್ತದೆ. ಸುಮ್ನೆ ಅದರ ಹಿಂದೆ ಬೀಳಬೇಡಿ.

ಗೇಟ್_ಪಕ್ಕದವನು

ಅಯ್ಯೋ, ಕ್ರಾನ್ ಈಗಲೇ ತೆಗೆದೆ. ಹಾಗಾದರೆ ಹಂಚಿಕೊಳ್ಳಲೇಬಾರದಾ? ಡಿಸ್ಕ್‌ನಲ್ಲಿ ಜಾಸ್ತಿ ಇರುವುದು ಅಪ್ಲಿಕೇಷನ್ ಬೈನರಿಗಳು, ತಿಂಗಳಿಗೊಮ್ಮೆ ಬದಲಾಗುತ್ತವೆ. ಅದರ ಜೊತೆ ಲಾಗ್, ಅಪ್‌ಲೋಡ್ ಫೋಲ್ಡರ್.

ಕೋಟೆ_ಕಡೆಯವಳು (ಚಿತ್ರದುರ್ಗ)

ಹಂಚಿಕೊಳ್ಳಬಹುದು, ಎರಡನ್ನೂ ಬೇರೆ ಮಾಡಿ. ಬೈನರಿಗಳಿಗೆ ಒಂದು ಡಿಸ್ಕ್. ಅದನ್ನು ಒಂದು ಗೆಸ್ಟ್‌ನಲ್ಲಿ ತಯಾರು ಮಾಡಿ, ಅನ್‌ಮೌಂಟ್ ಮಾಡಿ, ಬರೆಯುವ ಲಿಂಕ್ ಕಿತ್ತುಹಾಕಿ. ಆಮೇಲೆ ಎಲ್ಲರಿಗೂ ಆರ್‌ಆರ್. ಫೈಲ್ ಸಿಸ್ಟಮ್ ಇಎಕ್ಸ್‌ಟಿ2 ಸಾಕು, ಬರೆಯದ ಡಿಸ್ಕ್‌ಗೆ ಜರ್ನಲ್ ಯಾಕೆ? 3390 ಮಾಡೆಲ್ 9 ಡಿಸ್ಕ್ ಅಂದರೆ 10017 ಸಿಲಿಂಡರ್, 4 ಕೆಬಿ ಬ್ಲಾಕ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ಸುಮಾರು 7.4 ಜಿಬಿ ಸಿಗುತ್ತದೆ, ಬೈನರಿಗೆ ಧಾರಾಳ.

ಹೊಸ ವರ್ಷನ್ ಬಂದಾಗ ಹಳೆಯದರ ಮೇಲೆ ಬರೆಯಬೇಡಿ. ಇನ್ನೊಂದು ಮಿನಿಡಿಸ್ಕ್ ತಯಾರು ಮಾಡಿ. ಒಂದೊಂದೇ ಗೆಸ್ಟ್‌ನಲ್ಲಿ ಅನ್‌ಮೌಂಟ್, ಸಿಎಚ್‌ಸಿಸಿಡಬ್ಲ್ಯೂಡೆವ್ ಕಮಾಂಡ್‌ನಿಂದ ಆಫ್‌ಲೈನ್, ವಿಎಂಸಿಪಿ ಕಮಾಂಡ್‌ನಿಂದ ಡಿಟ್ಯಾಚ್, ಹೊಸ ಡಿಸ್ಕನ್ನು ಅದೇ 0200 ನಂಬರ್‌ಗೆ ಲಿಂಕ್, ಆನ್‌ಲೈನ್, ಮೌಂಟ್. ಕೆಟ್ಟರೆ ಹಳೇ ಡಿಸ್ಕ್ ಹಾಗೇ ಇರುತ್ತದೆ, ವಾಪಸ್ ಹೋಗಬಹುದು. ಗೆಸ್ಟ್‌ಗಳ ವಿವರ ಇರುವ ಝಡ್/ವಿಎಂ ಡೈರೆಕ್ಟರಿಯಲ್ಲೂ ಲಿಂಕ್ ಸಾಲು ಬದಲಿಸುವುದು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಲಾಗಾನ್‌ಗೆ ಹಳೇ ಡಿಸ್ಕೇ ಬರುತ್ತದೆ.

ಲಾಗ್ ಆಯಾ ಗೆಸ್ಟ್‌ನಲ್ಲೇ ಇರಲಿ. ಅಪ್‌ಲೋಡ್‌ಗೆ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವುದು). ಒಂದೇ ಝಡ್/ವಿಎಂ ಆದರೆ ಅದರೊಳಗಿನ ವರ್ಚುವಲ್ ಸ್ವಿಚ್ ಆದ ವಿಸ್ವಿಚ್ ಮೇಲೆ, ಅದೇ ಮೇನ್‌ಫ್ರೇಮ್‌ನ ಬೇರೆ ಎಲ್‌ಪಾರ್ (ಮೆಷಿನ್‌ನ ಪ್ರತ್ಯೇಕ ಪಾಲು) ಆದರೆ ಹೈಪರ್‌ಸಾಕೆಟ್ಸ್ ಮೇಲೆ. ಹೈಪರ್‌ಸಾಕೆಟ್ಸ್‌ಗೆ ಕೇಬಲ್ಲೇ ಇಲ್ಲ, ಮೆಮೊರಿಯಿಂದ ಮೆಮೊರಿಗೆ ಹೋಗುತ್ತದೆ. ಎನ್‌ಎಫ್‌ಎಸ್ ನಿಧಾನ ಅಂತ ಬೈಯುವವರು ಅದನ್ನು ಒಮ್ಮೆ ನೋಡಲಿ.

ಮಂಡಕ್ಕಿ_ಮಿರ್ಚಿ

ಮೂರೂ ಗೆಸ್ಟ್ ಒಂದೇ ಬ್ಲಾಕ್ ಡಿಸ್ಕ್‌ಗೆ ಬರೆಯಲೇಬೇಕು ಅಂದರೆ ಜಿಎಫ್‌ಎಸ್2, ಇಲ್ಲ ಸ್ಟೋರೇಜ್ ಸ್ಕೇಲ್ ತರಹದ ಕ್ಲಸ್ಟರ್ ಫೈಲ್ ಸಿಸ್ಟಮ್. ಜಿಎಫ್‌ಎಸ್2 ಗೆ ಕ್ಲಸ್ಟರ್ ನೋಡಿಕೊಳ್ಳುವ ಪೇಸ್‌ಮೇಕರ್ ಬೇಕು, ಕೆಟ್ಟ ಗೆಸ್ಟನ್ನು ಹೊರಗಿಡುವ ಫೆನ್ಸಿಂಗ್ ಬೇಕು. ಹ್ಯಾಂಗ್ ಆದ ಗೆಸ್ಟನ್ನು ಝಡ್/ವಿಎಂ ಮೂಲಕ ಹೊರಗೆ ಹಾಕುವ ಫೆನ್ಸ್ ಏಜೆಂಟ್ ಇದೆ, ಝಡ್/ವಿಎಂನ ನಿರ್ವಹಣಾ ಇಂಟರ್‌ಫೇಸ್ ಆದ ಎಸ್‌ಎಂಎಪಿಐ ಮೂಲಕ ಕೆಲಸ ಮಾಡುತ್ತದೆ. ರೆಡ್ ಹ್ಯಾಟ್‌ನವರು ಆವೃತ್ತಿ 10 ರಲ್ಲಿ ಜಿಎಫ್‌ಎಸ್2 ಕೈಬಿಟ್ಟಿದ್ದಾರೆ, ಅದೂ ಲೆಕ್ಕಕ್ಕಿರಲಿ. ಒಂದು ಅಪ್‌ಲೋಡ್ ಫೋಲ್ಡರ್‌ಗೆ ಇಷ್ಟೆಲ್ಲ ಯಾರಿಗೆ ಬೇಕು.

ಗೇಟ್_ಪಕ್ಕದವನು

ಇನ್ನೊಂದು ಪ್ರಶ್ನೆ. ಅದೇ ಬಾಕ್ಸ್‌ನ ಇನ್ನೊಂದು ಎಲ್‌ಪಾರ್‌ನಲ್ಲಿ ಬೇರೆ ಝಡ್/ವಿಎಂ ಇದೆ, ಎರಡೂ ಒಂದೇ ಎಸ್‌ಎಸ್‌ಐನಲ್ಲಿಲ್ಲ (ಝಡ್/ವಿಎಂಗಳ ಕ್ಲಸ್ಟರ್). ಆರ್‌ಆರ್ ಡಿಸ್ಕ್ ಅಲ್ಲಿಗೂ ಕೊಡಬಹುದಾ?

ಕೋಟೆ_ಕಡೆಯವಳು (ಚಿತ್ರದುರ್ಗ)

ಕೊಡಬಹುದು, ಆದರೆ ಒಂದು ಝಡ್/ವಿಎಂನ ಲಿಂಕ್ ಮೋಡ್ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಇತ್ತ ಆರ್‌ಆರ್ ಇದ್ದರೂ ಅತ್ತ ಯಾರೋ ಬರೆಯುವ ಲಿಂಕ್ ತೆಗೆದುಕೊಂಡರೆ ತಡೆ ಇಲ್ಲ. ಎರಡು ಝಡ್/ವಿಎಂಗಳ ನಡುವೆ ಲಿಂಕ್ ನೋಡಿಕೊಳ್ಳುವ ಎಕ್ಸ್‌ಲಿಂಕ್ ಹಾಕಿದ್ದರೆ ಮಾತು ಬೇರೆ. ಜೊತೆಗೆ ಆ ವಾಲ್ಯೂಮ್ ಶೇರ್ಡ್ ಅಂತ ಎರಡೂ ಕಡೆ ಹೇಳಿ ಮಿನಿಡಿಸ್ಕ್ ಕ್ಯಾಶ್ ಆಫ್ ಮಾಡಿಸಿ.

ಇವೆಲ್ಲಕ್ಕೂ ಮುಂಚೆ ಈಗಿನ ಡಿಸ್ಕ್ ಮೂರೂ ಕಡೆ ಅನ್‌ಮೌಂಟ್ ಮಾಡಿ, ಫ್ಲ್ಯಾಶ್‌ಕಾಪಿ (ಸ್ಟೋರೇಜ್‌ನಲ್ಲೇ ತೆಗೆಯುವ ತಕ್ಷಣದ ಪ್ರತಿ) ಒಂದು ತೆಗೆಸಿ, ಆಮೇಲೆ ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ. ನೇರ ಎಫ್‌ಎಸ್‌ಸಿಕೆ ಓಡಿಸಬೇಡಿ, ಏನೇನು ಕಿತ್ತುಹಾಕುತ್ತದೋ ಗೊತ್ತಿಲ್ಲ.

ಗೇಟ್_ಪಕ್ಕದವನು

ಭಾನುವಾರ ರಾತ್ರಿಗೆ ಚೇಂಜ್ ಹಾಕಿದ್ದೇನೆ. ಎಫ್‌ಎಸ್‌ಸಿಕೆ ಔಟ್‌ಪುಟ್ ಇಲ್ಲೇ ಹಾಕುತ್ತೇನೆ, ಇಬ್ಬರೂ ಸ್ವಲ್ಪ ಕಣ್ಣಾಡಿಸಿ.