ಕಡಿಮೆ ಖರ್ಚಿನಲ್ಲಿ ಉಲನ್ ಹೆಣೆಯುವುದು ಕಲಿಯಬೇಕು, ಏನೇನು ಬೇಕು?

ಸುಮಾ, ಸಿಂಧನೂರು
ಎಲ್ಲರಿಗೂ ನಮಸ್ಕಾರ. ದೀಪಾವಳಿ ಹೊತ್ತಿಗೆ ನಮ್ಮಕ್ಕನ ಹೆರಿಗೆ. ಕೂಸಿಗೆ ಒಂದು ಕುಲಾವಿ ನನ್ನ ಕೈಯಾರೆ ಹೆಣೆಯಬೇಕು ಅಂತ ಬಹಳ ಆಸೆ. ಆನ್‌ಲೈನ್‌ನಲ್ಲಿ ಕಿಟ್ ನೋಡಿದೆ, ಬಹಳ ತುಟ್ಟಿ. 300 ರೂಪಾಯಿ ದಾಟುವ ಹಾಗಿಲ್ಲ. ಅಂಗಡಿಯಲ್ಲಿ ಕಡ್ಡಿ ಕೇಳಿದರೆ ಯಾವ ನಂಬರ್ ಅಂತಾರೆ. ಮನೆಯವರು ಸೈಕಲ್ ಕಡ್ಡಿ ಸಾಕು ಅಂತಾರೆ, ನಿಜವಾ? ನಮ್ಮ ಬಿಸಿಲಿಗೆ ಉಲನ್ ನಡೆಯುತ್ತಾ?

ಗಿರಿಜಾ, ಗಂಗಾವತಿ
ತಂಗಿ, ಕಿಟ್ ಬೇಡವೇ ಬೇಡ. ಒಂದು ಜೊತೆ ಕಡ್ಡಿ, ದಾರ, ದೊಡ್ಡ ಕಣ್ಣಿನ ಒಂದು ಸೂಜಿ. ಇಷ್ಟೇ.

ನಮ್ಮ ಕಡೆ ಅಂಗಡಿಗಳಲ್ಲಿ ನಡೆಯುವುದು ಹಳೆಯ ಬ್ರಿಟಿಷ್ ನಂಬರು. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿ.ಮೀ., 10 ಅಂದರೆ 3.25. ನೀನು 8 ತಗೋ. ಸೈಕಲ್ ಕಡ್ಡಿ ಸುಮಾರು 2 ಮಿ.ಮೀ. ಅಷ್ಟೇ. ಅದರಲ್ಲೂ ಹೆಣೆಯುವವರಿದ್ದಾರೆ, ಆದರೆ ಹೊಸಬರಿಗೆ ಕುಣಿಕೆ ಸರಿಯಾಗಿ ಕಾಣುವುದಿಲ್ಲ, ಕೆಲಸವೂ ಮುಂದೆ ಸಾಗುವುದಿಲ್ಲ. ಸುಮ್ನೆ ಬೇಸರ ಬರುತ್ತದೆ. ಕಡ್ಡಿಗೆ ದುಡ್ಡು ಹಾಕು, ದಾರದಲ್ಲಿ ಉಳಿಸು.

ಹೇಗೆ ಅಂದರೆ, ಹಳೆ ಸ್ವೆಟರ್ ಬಿಚ್ಚು. ಮೊದಲು ಒಳಗಿನ ಪಕ್ಕದ ಹೊಲಿಗೆ ನೋಡು. ಅಂಚು ಕತ್ತರಿಸಿ ಓವರ್‌ಲಾಕ್ ಹೊಡೆದಿದ್ದರೆ ಬಿಟ್ಟುಬಿಡು, ಸಾಲಿಗೊಂದು ತುಂಡು ಬರುತ್ತದೆ. ಕೈಯಲ್ಲಿ ಹೆಣೆದದ್ದು ಸಿಕ್ಕರೆ ನಿನ್ನ ಅದೃಷ್ಟ. ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ ಹೆಣೆದಿರುತ್ತಾರೆ, ಹಾಗಾಗಿ ಕುತ್ತಿಗೆ ಕಡೆಯಿಂದ ಬಿಚ್ಚು. ದಾರ ಗುಂಗುರು ಕೂದಲಿನ ಹಾಗೆ ಸುರುಳಿ ಇರುತ್ತದೆ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಲ್ಲಿ ನೆನೆಸಿ ನೆರಳಿಗೆ ತೂಗು ಹಾಕು. ನೆಟ್ಟಗಾಗುತ್ತದೆ. ತಿಳಿ ಬಣ್ಣದ್ದು ಇದ್ದರೆ ಒಳ್ಳೆಯದು, ಕಪ್ಪಿನಲ್ಲಿ ಕುಣಿಕೆ ಗೊತ್ತಾಗುವುದಿಲ್ಲ.

ಇದೆಲ್ಲ ಕೈ ಕೂರಿಸಲಿಕ್ಕೆ. ಕುಲಾವಿಗೆ ಮಾತ್ರ ಹೊಸ ಹತ್ತಿ ದಾರವೇ ಆಗಬೇಕು. ಕೂಸಿನ ಬೆವರು ಹೀರುತ್ತದೆ. ಹತ್ತಿ ದಾರ ಉಲನ್ ಹಾಗೆ ಎಳೆದರೆ ಹಿಗ್ಗುವುದಿಲ್ಲ, ಅದಕ್ಕೇ ಅಳತೆ ಮುಖ್ಯ. ಅದೇ ದಾರದಲ್ಲಿ 30 ಕುಣಿಕೆ ಹಾಕಿ ಒಂದು ಚೌಕ ಹೆಣೆ. ಎಲ್ಲ ಸಾಲೂ ಸೀದಾ, ಅಂದರೆ ದಾರ ಕಡ್ಡಿಯ ಹಿಂದೆ ಇಟ್ಟು ಹೆಣೆಯುವುದು. ದಾರ ಮುಂದೆ ಇಟ್ಟು ಹೆಣೆಯುವ ಉಲ್ಟಾ ಬೇಡ. 10 ಸೆಂ.ಮೀ.ಗೆ ಎಷ್ಟು ಕುಣಿಕೆ ಅಂತ ಎಣಿಸು. 22 ಬಂತು ಅಂದುಕೋ. 33 ಸೆಂ.ಮೀ. ಸುತ್ತಳತೆಗೆ 73 ಹಾಕಬೇಕು. ಉದ್ದ ಪಟ್ಟಿ ಹೆಣೆದು, ಪಕ್ಕ ಹೊಲಿದು, ಮೇಲೆ ದಾರ ಪೋಣಿಸಿ ಬಿಗಿದರೆ ಕುಲಾವಿ ಆಯಿತು. ಗುಂಡಿ, ಮಣಿ ಬೇಡ, ಕೂಸು ಬಾಯಿಗೆ ಹಾಕೀತು. ಮಲಗಿಸುವಾಗ ತೆಗೆಯಲಿಕ್ಕೆ ಅಕ್ಕನಿಗೆ ಹೇಳು, ತಲೆ ಮುಚ್ಚಿದ್ದರೆ ಕೂಸಿಗೆ ಮೈ ಕಾವು ಏರುತ್ತದೆ.

ಮಂಜುನಾಥ, ಬಳ್ಳಾರಿ
ಅಕ್ಕಾರು ಹೇಳಿದ್ದು ಸರಿ. ನಾನು ಜೀನ್ಸ್ ಹೊಲಿಯುವ ಕೆಲಸದವನು, ಒಂದು ಮಾತು ಸೇರಿಸುತ್ತೇನೆ. ಉಲನ್ ಅಂತ ಕೊಡುವುದರಲ್ಲಿ ಅಕ್ರಿಲಿಕ್ಕೇ ಜಾಸ್ತಿ, ಅಂದರೆ ಪ್ಲಾಸ್ಟಿಕ್ ಜಾತಿಯ ಕೃತಕ ದಾರ. ಚೂರು ದಾರ ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಂದು ಬೂದಿ ಆಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡು ಆಗುತ್ತದೆ. ಉಣ್ಣೆಗೆ ಸುಟ್ಟ ಕೂದಲಿನ ವಾಸನೆ. ಎರಡು ಉಂಡೆ ಬೇಕಾದರೆ ಒಂದೇ ಸಲ ತಗೊಳ್ಳಿ, ಚೀಟಿಯಲ್ಲಿ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ದಾರಕ್ಕೆ ಕೊಡುವ ನಂಬರ್, ಒಂದೇ ಇರಲಿ. ಆಮೇಲೆ ಹೋದರೆ ಅದೇ ಬಣ್ಣ ಸಿಗುವುದು ಕಷ್ಟ.

ಸುಮಾ, ಸಿಂಧನೂರು
ಅಕ್ಕಾ, ಅಣ್ಣಾ, ಬಹಳ ಉಪಕಾರ ಆಯ್ತು. ನಮ್ಮತ್ತೆಯ ಹತ್ತಿರ ಕೈಯಲ್ಲಿ ಹೆಣೆದ ಸ್ವೆಟರ್ ಇದೆ, ಕೇಳಿದ್ದೇನೆ. ನಡುವೆ ಕುಣಿಕೆ ಜಾರಿದರೆ ಎಲ್ಲ ಬಿಚ್ಚಬೇಕಾ?

ಗಿರಿಜಾ, ಗಂಗಾವತಿ
ಬೇಡ ತಂಗಿ. ಜಾರಿದ ಕುಣಿಕೆಗೆ ತಕ್ಷಣ ಒಂದು ಪಿನ್ನು ಹಾಕು, ಕೆಳಗೆ ಇಳಿಯುವುದಿಲ್ಲ. ಆಮೇಲೆ ಕ್ರೋಶಾ ಕಡ್ಡಿಯಲ್ಲಿ ಒಂದೊಂದೇ ಸಾಲು ಮೇಲಕ್ಕೆ ಎತ್ತಬಹುದು. ಸಾಲು ಮುಗಿದಾಗಲೆಲ್ಲ ಎಣಿಸು, ಆಗ ಜಾರಿದ್ದು ಅಲ್ಲೇ ಸಿಗುತ್ತದೆ.