ಪತ್ತಮಾರ್: ಆಳೋ, ಹಡಗೋ?

ಮಂಗಳೂರು ಬಂದರಿನ ಕುರಿತ ಕೆಲವು ಹಳೇ ಇಂಗ್ಲಿಷ್ ಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಪತ್ತಮಾರ್’ ಅಂತ ಒಂದು ಪದ ಸತಾಯಿಸ್ತಾ ಇದೆ. ಒಂದು ಕಡೆ ಪತ್ತಮಾರ್ ಕಾಗದ ಹೊತ್ತು ನಡೆದು ಬರುತ್ತಾನೆ. ಇನ್ನೊಂದು ಕಡೆ ಅದೇ ಪತ್ತಮಾರ್ ಅಕ್ಕಿ ಮೂಟೆ ತುಂಬಿಸಿಕೊಂಡು ಮುಂಬೈಗೆ ಹೊರಡುತ್ತದೆ!

ಸ್ಪೆಲ್ಲಿಂಗಂತೂ ಬರೆದವರ ಇಷ್ಟ. ಕೆಲವರಲ್ಲಿ ಒಂದು ಟಿ, ಕೆಲವರಲ್ಲಿ ಎರಡು. ಅದರ ಮುಂದೆ ಒಮ್ಮೆ ಎ, ಒಮ್ಮೆ ಐ. ಟಿ ಕಂಡಿತೆಂದು ‘ಪಟ್ಟಮಾರ್’ ಅಂತ ಬರೆದರೆ ಕೆಟ್ಟಿತು, ಪಟ್ಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

1886ರ ಹಾಬ್ಸನ್-ಜಾಬ್ಸನ್ ನಿಘಂಟು ಎರಡೂ ಅರ್ಥ ಕೊಡುತ್ತದೆ: ಕಾಲ್ನಡಿಗೆಯ ಅಂಚೆಯಾಳು, ಪಶ್ಚಿಮ ಕರಾವಳಿಯ ಹಾಯಿಹಡಗು. ಅದನ್ನು ಮಾಡಿದ ಇಬ್ಬರಲ್ಲಿ ಒಬ್ಬರಾದ ಬರ್ನೆಲ್ ನಮಗೆ ದೂರದವರೇನಲ್ಲ. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವರು ಬರೆದ ಪುಸ್ತಕ 1874ರಲ್ಲಿ ಅಚ್ಚಾದದ್ದು ಇಲ್ಲೇ ಮಂಗಳೂರಿನಲ್ಲಿ, ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ.

ಪದ ಇಂಗ್ಲಿಷಿಗೆ ಹೋದದ್ದು ಪೋರ್ಚುಗೀಸರ ಬಾಯಿಂದ. ಮೂಲ ಕೊಂಕಣಿಯೋ ಮಲಯಾಳವೋ ಎಂಬ ಜಗಳ ಇದ್ದದ್ದೇ. ಇವತ್ತಿನ ಪೋರ್ಚುಗೀಸ್ ನಿಘಂಟು ತೆರೆದರೆ ಮಾತ್ರ ಮೋಸ ಹೋಗ್ತೀರಿ, ಅಲ್ಲಿ ‘ಪತಮಾರ್’ ಅಂದರೆ ಮೆಟ್ಟಿಲುಗಳ ನಡುವಿನ ಚಪ್ಪಟೆ ಜಾಗ. ಹಡಗಿಗೆ ಮಲಯಾಳದಲ್ಲಿ ಪತ್ತೇಮಾರಿ, ಮರಾಠಿಯಲ್ಲಿ ಫತೇಮಾರಿ. ‘ಫತೇ’ ಕಂಡ ಕೂಡಲೇ ಗೆಲುವಿನ ಕತೆ ಹೊಸೆಯುವ ಆಸೆಯಾಗುತ್ತದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ.

ಸದ್ಯಕ್ಕೆ ನಾನು ಮಾಡಿದ್ದು ಇಷ್ಟು. ವಾಕ್ಯದಲ್ಲಿ ಕಾಗದ, ಸುದ್ದಿ, ಕೂಲಿ ಬಂದರೆ ‘ಅಂಚೆಯಾಳು’. ಸರಕು, ಗಾಳಿ, ಲಂಗರು ಬಂದರೆ ‘ಪತ್ತೇಮಾರಿ’. ಕಾಗದವೂ ಇದೆ, ದಾರಿ ಯಾವುದೆಂದು ಹೇಳಿಲ್ಲ ಅಂದರೆ ಫಜೀತಿ, ಯಾಕೆಂದರೆ ಹಡಗಿನಲ್ಲೂ ಕಾಗದ ಬರುತ್ತಿತ್ತಲ್ವಾ? ಅಂಥ ಕಡೆ ‘ಪತ್ತಮಾರ್’ ಅಂತಲೇ ಬಿಟ್ಟು ಅಡಿಟಿಪ್ಪಣಿ ಹಾಕಿದ್ದೇನೆ. ಸುಮ್ನೆ ‘ದೋಣಿ’ ಅನ್ನಲು ಮನಸ್ಸು ಬರಲಿಲ್ಲ. ಮುಂದಕ್ಕೆ ವಾಲಿದ ಕೂವೆ (ಹಾಯಿ ಕಟ್ಟುವ ಕಂಬ), ಓರೆಯಾಗಿ ಕಟ್ಟಿದ ದೊಡ್ಡ ಹಾಯಿ, ಎರಡು ಮೂರು ಕೂವೆಯವೂ ಇದ್ದವು. ಅದು ದೋಣಿ ಹೇಗಾದೀತು?

‘ಮಂಜಿ’ ಅನ್ನಬಹುದು ಅಂತ ಗೆಳೆಯರೊಬ್ಬರ ಸಲಹೆ. ಬಂದರು ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಸಾಮಾನು ತುಂಬುವ ಮಂಜಿ ಎಲ್ಲರಿಗೂ ಗೊತ್ತು. ಆದರೆ ಇವತ್ತಿನ ಮಂಜಿಗೆ ಎಂಜಿನ್ ಇದೆ, ಓದುವವರ ಕಣ್ಣಿಗೆ ಅದೇ ಬಂದುಬಿಡುತ್ತದೆ.

ಮಲ್ಪೆ, ಗಂಗೊಳ್ಳಿ ಕಡೆಯವರು ಹೇಳಿ: ನಿಮ್ಮ ಮನೆಯ ಹಿರಿಯರು ಇದನ್ನು ಪತ್ತೆಮಾರಿ ಅನ್ನುತ್ತಿದ್ದರೋ, ಪಾತಿಮಾರಿ ಅನ್ನುತ್ತಿದ್ದರೋ? ‘ತ’ಗೆ ಒತ್ತು ಇತ್ತೇ? ಆಳಿಗೂ ಅದೇ ಹೆಸರು ಕೇಳಿದವರಿದ್ದರೆ ತಪ್ಪದೆ ಬರೆಯಿರಿ.