ಕಲ್ಲಿದ್ದಲಿನ ಡಿಸಾರ್ಪ್ಶನ್ (ಬಿಡುವ ಗ್ಯಾಸಿನ ಅಳತೆ) ವರದಿಯಲ್ಲಿ ಟನ್‌ಗೆ 10 ಘನ ಮೀಟರ್ ಇದೆ, ಅಷ್ಟೂ ಗ್ಯಾಸ್ ಸಿಗುತ್ತದಾ?

ಕಲ್ಲುಪುಡಿ:
ಭೂವಿಜ್ಞಾನ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಒಂದು ಕಲ್ಲಿದ್ದಲು ಪದರ ಕೊಟ್ಟಿದ್ದಾರೆ. ಆಳ 600 ಮೀಟರ್, ದಪ್ಪ 5 ಮೀಟರ್, ಸಾಂದ್ರತೆ 1.4, ಬೂದಿ ಮತ್ತು ತೇವ ಸೇರಿ 20%. ಗ್ಯಾಸ್ ಟನ್‌ಗೆ 10 ಘನ ಮೀಟರ್. ಒಂದು ಚದರ ಕಿ.ಮೀ.ಗೆ ಗುಣಿಸಿದರೆ 7 ಕೋಟಿ ಘನ ಮೀಟರ್ ಬಂತು. ಇದನ್ನೇ ಬರೆದು ಮುಗಿಸಬಹುದಾ?

ಪದರಪದರ:
ಮೊದಲು ಆ 10 ಯಾವ ಲೆಕ್ಕದಲ್ಲಿದೆ ನೋಡಿ. ಗ್ಯಾಸ್ ಅಂಟಿಕೊಂಡಿರುವುದು ಕಲ್ಲಿದ್ದಲಿನ ಸೂಕ್ಷ್ಮ ರಂಧ್ರಗಳ ಗೋಡೆಗೆ, ಬೂದಿಗಲ್ಲ. ಅದಕ್ಕೇ ಲ್ಯಾಬ್‌ನವರು ಬೂದಿ, ತೇವ ಕಳೆದು ಕೊಡುವುದು ಜಾಸ್ತಿ. ಹಾಗಿದ್ದರೆ ನಿಮ್ಮ ಪದರದ ನಿಜವಾದ ಟನ್‌ಗೆ 8 ಮಾತ್ರ, ಒಟ್ಟು 5.6 ಕೋಟಿ.

ಕೋರ್‌ಪೆಟ್ಟಿಗೆ:
ಕೋರ್, ಅಂದರೆ ಕೊರೆದು ತೆಗೆದ ಕಂಬದಂಥ ಕಲ್ಲಿದ್ದಲು ತುಂಡು, ಮೇಲೆ ತಂದವನಾಗಿ ಒಂದು ಮಾತು. ವರದಿಯ ಸಂಖ್ಯೆಯಲ್ಲಿ ಮೂರು ಪಾಲು ಇರುತ್ತದೆ: ಕೋರ್ ಹಾಕಿ ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಅಳೆದದ್ದು, ಕೊನೆಗೆ ಕಲ್ಲಿದ್ದಲು ಪುಡಿ ಮಾಡಿದಾಗ ಬಂದದ್ದು, ಡಬ್ಬಿಗೆ ಹಾಕುವ ಮೊದಲೇ ಹೋದದ್ದು. ಮೂರನೆಯದು ಅಳತೆಯಲ್ಲ, ಅಂದಾಜು. ಮೊದಲ ಕೆಲವು ಗಂಟೆಗಳ ಗ್ಯಾಸನ್ನು ಸಮಯದ ವರ್ಗಮೂಲದ ಎದುರು ಗ್ರಾಫ್ ಹಾಕಿ, ಗೆರೆಯನ್ನು ಸೊನ್ನೆ ಸಮಯಕ್ಕೆ ಹಿಂದೆ ಎಳೆಯುತ್ತೇವೆ. ನೀರು ಬಳಸಿ ಕೊರೆದಿದ್ದರೆ ಕೋರ್ ಅರ್ಧ ದಾರಿ ಮೇಲೆ ಬಂದ ಹೊತ್ತೇ ಸೊನ್ನೆ ಅಂತ ಹಿಡಿಯುವುದು ರೂಢಿ. ಯಾರಾದರೂ ಆ ಹೊತ್ತನ್ನು ಗಡಿಬಿಡಿಯಲ್ಲಿ ತಪ್ಪಾಗಿ ಬರೆದರೆ ಮುಂದಿನದೆಲ್ಲ ತಪ್ಪು.

ಒಮ್ಮೆ ನಮ್ಮದೊಂದು ಡಬ್ಬಿ ಎರಡನೇ ದಿನವೇ ಗ್ಯಾಸ್ ಬಿಡುವುದು ನಿಲ್ಲಿಸಿತು, ಪಕ್ಕದವು ಇನ್ನೂ ಚೆನ್ನಾಗಿ ಬಿಡುತ್ತಿದ್ದವು. ಮುಚ್ಚಳದ ಅಂಚಿಗೆ ಸೋಪು ನೀರು ಹಚ್ಚಿದೆ. ಸಣ್ಣ ಗುಳ್ಳೆಗಳ ಸಾಲೇ ಎದ್ದಿತು. ಆ ಸ್ಯಾಂಪಲ್ಲನ್ನು ಪೂರ್ತಿ ಬಿಟ್ಟೆವು, ಈಗಲೂ ಬೇಜಾರಿದೆ. ಅದಕ್ಕೇ ಹೇಳುತ್ತೇನೆ, ಸರಾಸರಿ ಸಾಲದು, ಒಂದೊಂದು ಡಬ್ಬಿಯ ಗ್ರಾಫ್ ಕೇಳಿ.

ನೀರುಬಾವಿ:
ಪದರದಲ್ಲಿ ಇರುವುದು ಬೇರೆ, ಹೊರಗೆ ಬರುವುದು ಬೇರೆ ಅಲ್ವಾ. ಐಸೋಥರ್ಮ್ ಪರೀಕ್ಷೆ ಆಗಿದೆಯಾ? ಅದು ಯಾವ ಒತ್ತಡದಲ್ಲಿ ಕಲ್ಲಿದ್ದಲು ಎಷ್ಟು ಹಿಡಿಯಬಲ್ಲದು ಅಂತ ಹೇಳುತ್ತದೆ. ಉದಾಹರಣೆಗೆ ಲ್ಯಾಂಗ್‌ಮ್ಯೂರ್ ಪರಿಮಾಣ (ಕಲ್ಲಿದ್ದಲು ಗರಿಷ್ಠ ಹಿಡಿಯಬಲ್ಲದ್ದು) ಟನ್‌ಗೆ 20 ಘನ ಮೀಟರ್, ಲ್ಯಾಂಗ್‌ಮ್ಯೂರ್ ಒತ್ತಡ (ಅದರ ಅರ್ಧ ಹಿಡಿಯುವ ಒತ್ತಡ) 30 ಬಾರ್ ಅಂದುಕೊಳ್ಳಿ. 600 ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 60 ಬಾರ್, ಅಲ್ಲಿ ಪದರ 13.3 ಹಿಡಿಯಬಲ್ಲದು. ಇರುವುದು 8. ಅಂದರೆ ನೀರು ಪಂಪ್ ಮಾಡಿ ಮಾಡಿ ಒತ್ತಡ 20 ಬಾರ್‌ಗೆ ಇಳಿಸುವವರೆಗೂ ಕಲ್ಲಿದ್ದಲು ಗ್ಯಾಸ್ ಬಿಡುವುದೇ ಇಲ್ಲ.

ಆಮೇಲೆ ಕ್ಲೀಟ್, ಅಂದರೆ ಕಲ್ಲಿದ್ದಲಿನ ಸಹಜ ಸೀಳುಗಳು. ನೀರು, ಗ್ಯಾಸ್ ಎರಡಕ್ಕೂ ಅದೇ ದಾರಿ. ಆಳ ಹೆಚ್ಚಿದಂತೆ ಬಂಡೆಯ ಭಾರಕ್ಕೆ ಅವು ಮುಚ್ಚಿಕೊಳ್ಳುತ್ತವೆ, ಕೆಲವೊಮ್ಮೆ ಖನಿಜ ತುಂಬಿಕೊಂಡಿರುತ್ತದೆ. ಅಮೆರಿಕದ ಪೌಡರ್ ರಿವರ್ ಜಲಾನಯನದಲ್ಲಿ ಟನ್‌ಗೆ ಒಂದೆರಡು ಘನ ಮೀಟರ್ ಅಷ್ಟೇ ಇತ್ತು, ಆದರೂ ಸಾವಿರಾರು ಬಾವಿ ನಡೆದವು. ಪದರ ದಪ್ಪ, ಆಳ ಕಡಿಮೆ, ಸೀಳು ಸಲೀಸು. ಹಾಗಾಗಿ ಸುಮ್ನೆ ಗ್ಯಾಸ್ ಸಂಖ್ಯೆ ನೋಡಿ ತೀರ್ಮಾನ ಬೇಡ. ಇಂಜೆಕ್ಷನ್ ಫಾಲ್‌ಆಫ್ ಪರೀಕ್ಷೆ (ಬಾವಿಗೆ ನೀರು ತುಂಬಿ ನಿಲ್ಲಿಸಿ, ಒತ್ತಡ ಇಳಿಯುವ ರೀತಿಯಿಂದ ಸೀಳುಗಳ ಹರಿವು ಅಳೆಯುವುದು) ಮಾಡಿದ್ದರೆ ಅದರ ಫಲಿತಾಂಶ ಹುಡುಕಿ.

ಕಲ್ಲುಪುಡಿ:
ವರದಿ ಮತ್ತೆ ತೆಗೆದು ನೋಡಿದೆ. ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ "ಬೂದಿ, ತೇವ ಹೊರತು" ಅಂತಿದೆ! 5.6 ಕೋಟಿಯೇ ಸರಿ. ಐಸೋಥರ್ಮ್ ಇಲ್ಲ. ನಾಳೆ ಬೆಳಗ್ಗೆ ಅದನ್ನೂ ಡಬ್ಬಿಗಳ ಗ್ರಾಫನ್ನೂ ಕೇಳುತ್ತೇನೆ.